ಮೂಗಿಗೆ ಗೊತ್ತಾಗುವ ಹೊತ್ತಿಗೆ: ನೆಲಕ್ಕಿಳಿದ ಪೆಟ್ರೋಲಿನ ಲೆಕ್ಕ

ಪೆಟ್ರೋಲ್ ಬಂಕಿನಲ್ಲಿ ದಿನದ ಮೊದಲ ಕೆಲಸ ಅಳತೆ. ನಸುಕಿನಲ್ಲಿ ಹುಡುಗನೊಬ್ಬ ನೆಲಮಟ್ಟದ ಮುಚ್ಚಳ ತೆರೆದು, ಗೆರೆ ಕೊರೆದ ಉದ್ದನೆಯ ಡಿಪ್ ರಾಡನ್ನು ಟ್ಯಾಂಕಿನ ತಳ ಮುಟ್ಟುವವರೆಗೆ ಇಳಿಸುತ್ತಾನೆ. ರಾಡಿನ ತುದಿಗೆ ಟೂತ್‌ಪೇಸ್ಟಿನಂಥದ್ದೇನೋ ಹಚ್ಚಿರುತ್ತಾರೆ. ತಳದಲ್ಲಿ ನೀರು ನಿಂತಿದ್ದರೆ ಅದರ ಬಣ್ಣ ತಿರುಗುತ್ತದೆ. ರಾಡು ಎಲ್ಲಿಯವರೆಗೆ ಒದ್ದೆಯಾಗಿದೆ ನೋಡಿ, ಚಾರ್ಟು ಹಿಡಿದು ಲೀಟರಿಗೆ ಬದಲಿಸಿ, ನಿನ್ನೆಯ ಸ್ಟಾಕು, ಬಂದ ಲೋಡು, ಮೀಟರಿನ ಮಾರಾಟ ಎಲ್ಲವನ್ನೂ ಕೂಡಿ ಕಳೆದು ರಿಜಿಸ್ಟರಿಗೆ ಏರಿಸುತ್ತಾರೆ. ಈಗ ಬಹಳಷ್ಟು ಬಂಕುಗಳಲ್ಲಿ ಟ್ಯಾಂಕಿನೊಳಗೇ ಪ್ರೋಬ್ ಕೂತು ಕಂಪ್ಯೂಟರಿಗೆ ಲೆಕ್ಕ ಕಳಿಸುತ್ತದೆ. ಆದರೂ ರಾಡು ಮೂಲೆ ಸೇರಿಲ್ಲ.

ಈ ರಿಜಿಸ್ಟರು ಹುಟ್ಟಿದ್ದು ಕಳ್ಳತನ, ಕಲಬೆರಕೆ ಹಿಡಿಯಲಿಕ್ಕೆ. ಅಕ್ಕಪಕ್ಕದ ಬಾವಿಗಳ ಮಟ್ಟಿಗೆ ಮೊದಲ ಕಾವಲುಗಾರನೂ ಇದೇ. ಆದರೆ ಈ ಕಾವಲುಗಾರನ ಕಣ್ಣು ಅಷ್ಟೇನೂ ಚುರುಕಲ್ಲ. ಸ್ವಲ್ಪ ಲೆಕ್ಕ ಹಾಕಿ ನೋಡಿ. ಟ್ಯಾಂಕಿಗೆ ಜೋಡಿಸಿದ ಪೈಪಿನ ಸಂದಿಯಲ್ಲಿ ಸೆಕೆಂಡಿಗೆ ಎರಡು ಹನಿ ತೊಟ್ಟಿಕ್ಕುತ್ತಿದೆ ಎಂದುಕೊಳ್ಳೋಣ. ದಿನಕ್ಕೆ ಸುಮಾರು 4 ಲೀಟರ್. ವರ್ಷಕ್ಕೆ ಹತ್ತಿರ ಹತ್ತಿರ 1,500 ಲೀಟರ್. ಅರ್ಧ ತುಂಬಿದ 20 ಸಾವಿರ ಲೀಟರಿನ ಟ್ಯಾಂಕಿನಲ್ಲಿ ರಾಡಿನ ಮೇಲಿನ ಒಂದು ಮಿಲಿಮೀಟರ್ ಎಂದರೆ ಹತ್ತು-ಹನ್ನೆರಡು ಲೀಟರ್. ಅಂದರೆ ಇಡೀ ದಿನದ ಸೋರಿಕೆ ರಾಡಿನಲ್ಲಿ ಅರ್ಧ ಮಿಲಿಮೀಟರೂ ಆಗುವುದಿಲ್ಲ. ಮೇಲಾಗಿ ಹತ್ತು ಸಾವಿರ ಲೀಟರ್ ಪೆಟ್ರೋಲು ಒಂದೇ ಒಂದು ಡಿಗ್ರಿ ತಣ್ಣಗಾದರೆ ಸುಮಾರು 12 ಲೀಟರಿನಷ್ಟು ಕುಗ್ಗುತ್ತದೆ. ಆವಿಯಾಗಿ ಹೋಗುವುದು ಬೇರೆ. ತೊಟ್ಟಿಕ್ಕುವ ಪೆಟ್ರೋಲು ಈ ಎಲ್ಲ 'ಮಾಮೂಲು' ವ್ಯತ್ಯಾಸಗಳ ಮರೆಯಲ್ಲಿ ಆರಾಮಾಗಿ ಕೂರಬಹುದು. ತಿಂಗಳುಗಟ್ಟಲೆಯ ಅಂಕಿಗಳನ್ನು ಒಟ್ಟಿಗೆ ಹರಡಿಕೊಂಡು, ವ್ಯತ್ಯಾಸ ಒಂದೇ ದಿಕ್ಕಿಗೆ ವಾಲುತ್ತಿದೆಯೇ ಎಂದು ಹುಡುಕಿದವರಿಗೆ ಮಾತ್ರ ಅದು ಕಾಣುತ್ತದೆ.

ನಾಲ್ಕು ಲೀಟರ್ ಏನು ಮಹಾ ಎಂದೀರಿ. ಬಿಎಸ್-6 ಮಾನದಂಡದ ಪೆಟ್ರೋಲಿನಲ್ಲಿ ಬೆಂಜೀನ್ ಶೇ. 1ರಷ್ಟು ಇರಬಹುದು. ಒಂದು ಲೀಟರಿಗೆ 10 ಮಿಲಿಲೀಟರ್, ತೂಕದಲ್ಲಿ ಸುಮಾರು 8.8 ಗ್ರಾಂ. ಬೆಂಜೀನ್ ರಕ್ತದ ಕ್ಯಾನ್ಸರ್ ತರುತ್ತದೆ ಎನ್ನುವುದರಲ್ಲಿ ವೈದ್ಯಲೋಕಕ್ಕೆ ಅನುಮಾನ ಉಳಿದಿಲ್ಲ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 10 ಮೈಕ್ರೊಗ್ರಾಂ ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಭಾಗಿಸಿದರೆ, ಒಂದು ಲೀಟರ್ ಪೆಟ್ರೋಲಿನ ಬೆಂಜೀನೆಲ್ಲ ನೀರಿಗಿಳಿದರೆ 8.8 ಲಕ್ಷ ಲೀಟರ್ ನೀರು ಈ ಮಿತಿಗೆ ಬಂದು ಮುಟ್ಟುತ್ತದೆ. ಬೇಸಿಗೆಯಲ್ಲಿ ಓಣಿಗೆ ಬರುವ 6 ಸಾವಿರ ಲೀಟರಿನ ಟ್ಯಾಂಕರಿನ ಲೆಕ್ಕದಲ್ಲಿ ನೂರನಲವತ್ತಕ್ಕೂ ಹೆಚ್ಚು ಟ್ಯಾಂಕರ್.

ರಿಜಿಸ್ಟರು ಹಿಡಿಯದಿದ್ದರೆ ಮತ್ತೆ ಹಿಡಿಯುವವರು ಯಾರು? ಪಕ್ಕದ ಮನೆಯ ಮೂಗು. ಇಂಥ ದೂರುಗಳು ಶುರುವಾಗುವುದೇ ಅಡಿಗೆಮನೆಯಲ್ಲಿ. "ಅತ್ತೆ, ಚಹಾ ಒಂಥರಾ ಸೀಮೆಎಣ್ಣೆ ವಾಸನೆ ಬರ್ತಾ ಇಲ್ವಾ?" ಅಂತ ಒಬ್ಬರು ಕೇಳುತ್ತಾರೆ. ಪಾತ್ರೆ ಸರಿ ತೊಳೆದಿಲ್ಲ ಅಂದುಕೊಳ್ಳುತ್ತಾರೆ. ಆಮೇಲೆ ಪಂಪು ರಿಪೇರಿಗೆ ಬಂದಿದ್ದವನು ಆಯಿಲ್ ಚೆಲ್ಲಿರಬೇಕು ಎಂದು ಬಾವಿ ಬಳಿಸಿ ಸುಣ್ಣ ಹಾಕಿಸುತ್ತಾರೆ. ಬಕೆಟಿನ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ ಕಂಡ ಮೇಲೆಯೇ ರಸ್ತೆಯಾಚೆಯ ಬಂಕಿನ ಕಡೆ ಕಣ್ಣು ಹೋಗುವುದು. ಅಷ್ಟು ಹೊತ್ತಿಗೆ ಸೋರಿಕೆಗೆ ಎಷ್ಟು ವರ್ಷವಾಗಿತ್ತೋ.

ಮೂಗನ್ನು ಹೀಗಳೆಯುತ್ತಿಲ್ಲ. ಟೊಲುಯೀನ್, ಕ್ಸೈಲೀನ್‌ನಂಥ ವಾಸನೆಯ ಅಂಶಗಳನ್ನು ಅದು ಬೇಗ ಹಿಡಿಯುತ್ತದೆ. ಬೆಂಜೀನ್ ವಿಷಯದಲ್ಲಿ ಮಾತ್ರ ಸೋಲುತ್ತದೆ. ನೀರಿನಲ್ಲಿ ಬೆಂಜೀನ್ ಒಂದೇ ಇದ್ದರೆ, ಸುರಕ್ಷತೆಯ ಮಿತಿಯ ನೂರಾರು ಪಟ್ಟು ಸೇರಿದ ಮೇಲೆಯೇ ಅದರ ವಾಸನೆ ಗೊತ್ತಾಗುವುದು. ಹಾಗಾಗಿ "ಈಗ ವಾಸನೆ ಇಲ್ಲ ಸಾರ್, ಕ್ಲೀನ್ ಆಗಿದೆ" ಎನ್ನುವ ಮಾತಿಗೆ ಅರ್ಥವೇ ಇಲ್ಲ. ಕಾಗದದ ಮೇಲಿನ ಮೂಗಿನ ಕತೆಯೂ ಅಷ್ಟೇ. ಕುಡಿಯುವ ನೀರಿಗೆ ನಾವು ಹಿಡಿಯುವ ಕನ್ನಡಿ 2012ರ ಐಎಸ್ 10500 ಎಂಬ ಭಾರತೀಯ ಮಾನದಂಡ. ಅದರ ಪಟ್ಟಿಯಲ್ಲಿ ಖನಿಜ ತೈಲಕ್ಕೆ ಲೀಟರಿಗೆ 0.5 ಮಿಲಿಗ್ರಾಂ ಎಂಬ ಒಟ್ಟಾರೆ ಮಿತಿ ಇದೆ, ಬೆಂಜೀನಿನ ಹೆಸರು ಹಿಡಿದು ಹೇಳಿದ ಮಿತಿ ಇಲ್ಲ. ಪಂಚಾಯಿತಿಗಳ ಕೈಯಲ್ಲಿರುವ ನೀರಿನ ಪರೀಕ್ಷಾ ಕಿಟ್ಟು ಗಡಸುತನ, ಫ್ಲೋರೈಡ್, ನೈಟ್ರೇಟ್, ಕಬ್ಬಿಣ ನೋಡುತ್ತದೆ. ಪೆಟ್ರೋಲು ಅದರ ಕಣ್ಣಿಗೆ ಬೀಳುವುದೇ ಇಲ್ಲ. ಪೆಟ್ರೋಲು ಬೆರೆತ ನೀರು ಈ ಕಿಟ್ಟಿನಲ್ಲಿ ಫಸ್ಟ್ ಕ್ಲಾಸಿನಲ್ಲಿ ಪಾಸಾಗಬಹುದು.

ನೆಲದೊಳಗೆ ಆಗುವುದೇನು? ಪೆಟ್ರೋಲು ನೀರಿಗಿಂತ ಹಗುರ. ಇಳಿಯುತ್ತಾ ಇಳಿಯುತ್ತಾ ದಾರಿಯ ಮಣ್ಣಿಗೆಲ್ಲ ಒಂದಿಷ್ಟು ಅಂಟಿಸಿ, ಉಳಿದದ್ದು ಅಂತರ್ಜಲದ ನೆತ್ತಿಯ ಮೇಲೆ ತೇಲಿ ನಿಲ್ಲುತ್ತದೆ. ಹಾಗೆ ತೇಲುತ್ತಾ ಅದರ ಕರಗುವ ಅಂಶಗಳು, ಮುಖ್ಯವಾಗಿ ಬೆಂಜೀನ್, ನೀರಿಗೆ ಸೇರಿ ನೀರು ಹರಿಯುವ ದಿಕ್ಕಿಗೆ ಬಾಲದ ಹಾಗೆ ಚಾಚಿಕೊಳ್ಳುತ್ತವೆ. ಇನ್ನೊಂದು ಪಾಲು ಆವಿಯಾಗಿ ಮೇಲೇಳುತ್ತದೆ. ನೆಲಮಾಳಿಗೆ, ಒಳಚರಂಡಿಯ (ಯುಜಿಡಿ) ಮ್ಯಾನ್‌ಹೋಲ್ ಸಿಕ್ಕರೆ ಅಲ್ಲಿ ತುಂಬಿಕೊಳ್ಳುತ್ತದೆ. ಬೆಂಕಿ ಅನಾಹುತದ ಭಯ ಇರುವುದು ಈ ಪಾಲಿನಿಂದಲೇ.

ಪಠ್ಯಪುಸ್ತಕದ ಚಿತ್ರಗಳಲ್ಲಿ ಅಂತರ್ಜಲವೆಂದರೆ ಒಂದು ನೇರ ನೀಲಿ ಗೆರೆ. ನಮ್ಮ ಕರಾವಳಿಯಲ್ಲಿ ಆ ಗೆರೆ ಒಂದು ಕಡೆ ನಿಲ್ಲುವುದೇ ಇಲ್ಲ. ಮೇ ತಿಂಗಳಲ್ಲಿ ಬಾವಿಯ ತಳದಲ್ಲಿ ಕೊಡ ಮುಳುಗದಷ್ಟು ನೀರು, ಜುಲೈಯಲ್ಲಿ ಕೈಗೆಟಕುವಷ್ಟು. ನೀರಿನ ನೆತ್ತಿಯ ಮೇಲಿರುವ ಪೆಟ್ರೋಲೂ ಅದರೊಂದಿಗೇ ಹತ್ತಿ ಇಳಿಯುತ್ತದೆ. ಬೇಸಿಗೆಯಲ್ಲಿ ಕೆಳಗಿಳಿದಾಗ ಕೆಳಗಿನ ಮಣ್ಣಿಗೆಲ್ಲ ಬಳಿದುಕೊಳ್ಳುತ್ತದೆ, ಮಳೆಗಾಲದಲ್ಲಿ ನೀರು ಮೇಲೇರಿದಾಗ ಹಾಗೆ ಬಳಿದದ್ದು ನೀರಿನಡಿ ಸಿಕ್ಕಿಬೀಳುತ್ತದೆ. ಮಳೆಗಾಲದಲ್ಲಿ ಮಾದರಿ ತೆಗೆದರೆ ಮೇಲೆ ತೇಲುವುದೇನೂ ಕಾಣದೆ ಎಲ್ಲ ಸರಿಯಾದಂತೆ ತೋರುತ್ತದೆ, ಏಪ್ರಿಲ್ ಬಂದರೆ ಮತ್ತೆ ಪ್ರತ್ಯಕ್ಷ. ಕರಾವಳಿಯ ಕೆಂಪು ಮುರಕಲ್ಲಿನ (ಲ್ಯಾಟರೈಟ್) ತೂತು, ಸುರಂಗಗಳಲ್ಲಿ ನೀರು ಓಡುವ ವೇಗವೂ ಬೇರೆ. ಬಯಲುಸೀಮೆಯ ಗಟ್ಟಿ ಕಲ್ಲಿನ ನೆಲದಲ್ಲಂತೂ ಎಣ್ಣೆ ಬಿರುಕು ಹಿಡಿದು ಹೋಗುತ್ತದೆ. ಹತ್ತು ಮೀಟರ್ ದೂರದ ಬೋರ್‌ವೆಲ್ ಸ್ವಚ್ಛವಾಗಿದ್ದು, ನೂರು ಮೀಟರ್ ಆಚೆಯದ್ದು ಕೆಟ್ಟಿರಬಹುದು. ಒಂದೇ ಬಾವಿ ನೋಡಿ ತೀರ್ಪು ಕೊಡುವವರನ್ನು ನಂಬಬೇಡಿ ಎನ್ನಲಿಕ್ಕೆ ಇಷ್ಟು ಸಾಕು.

ಹಾಗಾದರೆ ಸರಿಯಾಗಿ ನೋಡುವುದು ಹೇಗೆ? ನೀರು ಹರಿದು ಬರುವ ಕಡೆ ಒಂದು, ಹರಿದು ಹೋಗುವ ಕಡೆ ಕೆಲವು ನಿಗಾ ಬಾವಿಗಳನ್ನು ಕೊರೆಯುತ್ತಾರೆ. ತೆಳ್ಳನೆಯ ಪಿವಿಸಿ ಕೊಳವೆ, ನೀರಿನ ನೆತ್ತಿ ಏರಿಳಿಯುವಷ್ಟೂ ಉದ್ದಕ್ಕೆ ಸೀಳು ಬಿಟ್ಟದ್ದು. ಅದರೊಳಕ್ಕೆ ಟೇಪಿಗೆ ಕಟ್ಟಿದ ಪ್ರೋಬ್ ಇಳಿಸಿದರೆ ಎಣ್ಣೆ ಮುಟ್ಟಿದಾಗ ಒಂದು ರೀತಿ ಕೂಗುತ್ತದೆ, ನೀರು ಮುಟ್ಟಿದಾಗ ಇನ್ನೊಂದು ರೀತಿ. ಎರಡು ಕೂಗುಗಳ ನಡುವಿನ ಅಂತರವೇ ತೇಲುವ ಎಣ್ಣೆಯ ದಪ್ಪ. ಆದರೆ ಬಾವಿಯಲ್ಲಿ ಕಾಣುವ ದಪ್ಪ ಸುತ್ತಲಿನ ಮಣ್ಣಿನಲ್ಲಿ ಇರುವುದಕ್ಕಿಂತ ಸಾಮಾನ್ಯವಾಗಿ ಹೆಚ್ಚೇ ತೋರುತ್ತದೆ. ಕರಗಿದ್ದನ್ನು ಅಳೆಯಲಿಕ್ಕೆ 40 ಮಿಲಿಲೀಟರಿನ ಪುಟ್ಟ ಗಾಜಿನ ಸೀಸೆ. ಗುಳ್ಳೆ ಏಳದ ಹಾಗೆ ನಿಧಾನಕ್ಕೆ ನೀರು ತುಂಬುತ್ತಾ, ಬಾಯಿಯ ಮೇಲೆ ನೀರು ಗುಮ್ಮಟದ ಹಾಗೆ ಉಬ್ಬಿ ನಿಂತಾಗ ಮುಚ್ಚಳ ತಿರುಗಿಸುತ್ತಾರೆ. ಆಮೇಲೆ ಸೀಸೆಯನ್ನು ತಲೆಕೆಳಗು ಮಾಡಿ ಬೆರಳಿಂದ ತಟ್ಟುತ್ತಾರೆ. ಒಂದು ಗುಳ್ಳೆ ಮೇಲೆದ್ದರೂ ಆ ಸೀಸೆ ಲೆಕ್ಕಕ್ಕಿಲ್ಲ, ಮತ್ತೆ ಹೊಸದು. ಏಕೆಂದರೆ ಆ ಗುಳ್ಳೆಯೊಳಕ್ಕೆ ಬೆಂಜೀನ್ ನೀರಿನಿಂದ ತಪ್ಪಿಸಿಕೊಳ್ಳುತ್ತದೆ. ನಮ್ಮಲ್ಲಿ ಬಾವಿಯ ನೀರನ್ನು ಹಳೆಯ ಬಿಸ್ಲೆರಿ ಬಾಟಲಿಗೆ ಮುಕ್ಕಾಲು ತುಂಬಿ, ಬಸ್ಸಿನ ಕಿಟಕಿ ಬಿಸಿಲಿನಲ್ಲಿ ಇಟ್ಟುಕೊಂಡು ಲ್ಯಾಬಿಗೆ ಒಯ್ಯುತ್ತಾರೆ. ದಾರಿಯಲ್ಲೇ ಸಾಕ್ಷಿ ಹಾರಿಹೋಗಿರುತ್ತದೆ.

ಲೆಕ್ಕದ ಪುಸ್ತಕವನ್ನೂ ಮೂಗನ್ನೂ ಕಡೆಗಣಿಸಿದರೆ ಏನಾಗುತ್ತದೆ ಎನ್ನಲಿಕ್ಕೆ ಹವಾಯಿಯ ರೆಡ್ ಹಿಲ್‌ಗಿಂತ ದೊಡ್ಡ ಉದಾಹರಣೆ ಬೇಡ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ನೌಕಾಪಡೆ ಅಲ್ಲಿ ಗುಡ್ಡದೊಳಗೆ 20 ಬೃಹತ್ ಇಂಧನ ಟ್ಯಾಂಕುಗಳನ್ನು ಕಟ್ಟಿತು. ಅವುಗಳ ಕೆಳಗೆ ಸುಮಾರು 30 ಮೀಟರ್ ಆಳದಲ್ಲಿ ದ್ವೀಪದ ಕುಡಿಯುವ ನೀರಿನ ಅಂತರ್ಜಲ. 2014ರಲ್ಲಿ ಒಂದು ಟ್ಯಾಂಕಿನಿಂದ 27 ಸಾವಿರ ಗ್ಯಾಲನ್ ಸೋರಿತು. 2021ರ ಮೇಯಲ್ಲಿ ಪೈಪು ಒಡೆದು ಚೆಲ್ಲಿದ ಇಂಧನದಲ್ಲಿ ಸುಮಾರು 20 ಸಾವಿರ ಗ್ಯಾಲನ್, ಅಂದರೆ 75 ಸಾವಿರ ಲೀಟರಿನಷ್ಟು, ಬೆಂಕಿ ಆರಿಸುವ ವ್ಯವಸ್ಥೆಯ ಒಂದು ಕೊಳವೆಗೆ ಸೇರಿ ಅಲ್ಲೇ ಕೂತಿತು. ಸ್ಟಾಕಿನ ಲೆಕ್ಕದಲ್ಲಿ ಅಷ್ಟು ಕಡಿಮೆ ಬಿದ್ದದ್ದು ಕಾಣುತ್ತಿತ್ತು, ಎಲ್ಲಿ ಹೋಯಿತೆಂದು ಯಾರೂ ಬೆನ್ನು ಹತ್ತಲಿಲ್ಲ. ಆರು ತಿಂಗಳ ನಂತರ, ನವೆಂಬರ್ 20ರಂದು, ಸುರಂಗದೊಳಗಿನ ಒಂದು ಗಾಡಿ ಆ ಕೊಳವೆಗೆ ತಾಗಿತು. ಇಂಧನ ಹೊರಬಿದ್ದು ಕುಡಿಯುವ ನೀರಿನ ಬಾವಿಗೆ ಹರಿಯಿತು. ಸುಮಾರು 93 ಸಾವಿರ ಜನರಿಗೆ ನೀರು ಕೊಡುವ ವ್ಯವಸ್ಥೆ ಅದು. ನಲ್ಲಿಯಲ್ಲಿ ಪೆಟ್ರೋಲಿನ ವಾಸನೆ ಎಂದು ಮನೆಗಳಿಂದ ದೂರು ಬಂದಾಗ, ನೀರು ಕುಡಿಯಲು ಅಡ್ಡಿಯಿಲ್ಲ ಎಂಬ ಉತ್ತರವೇ ಮೊದಲು ಸಿಕ್ಕಿತು. 2022ರ ಮಾರ್ಚಿನಲ್ಲಿ ಇಡೀ ಉಗ್ರಾಣವನ್ನು ಮುಚ್ಚುವ ಆದೇಶ ಹೊರಟಿತು. ಜಗತ್ತಿನ ಅತಿ ಶ್ರೀಮಂತ ನೌಕಾಪಡೆಯೂ ರಿಜಿಸ್ಟರಿನ ವ್ಯತ್ಯಾಸವನ್ನು ಅಲಕ್ಷಿಸಿತು, ಕೊನೆಗೆ ಸುದ್ದಿ ಮುಟ್ಟಿಸಿದ್ದು ಮನೆಯವರ ಮೂಗೇ.

ನಮ್ಮಲ್ಲಿ 2013ರಲ್ಲಿ ಚೆನ್ನೈಯ ತಂಡಿಯಾರ್‌ಪೇಟೆಯ ಮನೆಗಳ ಬೋರ್‌ವೆಲ್‌ಗಳಲ್ಲಿ ನೀರಿನ ಜೊತೆ ಇಂಧನ ಬಂದಾಗಲೂ ಗೊತ್ತಾದದ್ದು ಹೀಗೇ. ನೆಲದಡಿಯ ತೈಲ ಕೊಳವೆ ಸೋರಿತ್ತು. ವಿಷಯ ಹಸಿರು ನ್ಯಾಯಮಂಡಳಿಗೆ ಹೋಯಿತು. ನಮ್ಮ ಮಂಗಳೂರು–ಹಾಸನ–ಬೆಂಗಳೂರು ಕೊಳವೆ ಮಾರ್ಗವೂ 360 ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ತೋಟ, ಗದ್ದೆ, ಘಟ್ಟಗಳ ಅಡಿಯಲ್ಲೇ ಹಾದುಹೋಗುತ್ತದೆ. ಇಂಥ ಕೊಳವೆಗೆ ತೂತು ಕೊರೆದು ಡೀಸೆಲ್ ಕದಿಯುವವರು ಇದ್ದಾರೆ, ಕಳ್ಳತನದ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ. ಕೊರೆದ ಜಾಗದ ಮಣ್ಣು ಏನಾಯಿತು ಎಂಬ ಸುದ್ದಿ ಬರುವುದಿಲ್ಲ.

ಕಾನೂನು ಇಲ್ಲವೆಂದಲ್ಲ. ಬಂಕಿನ ಟ್ಯಾಂಕಿಗೆ ಲೈಸೆನ್ಸ್ ಕೊಡುವುದು ಸ್ಫೋಟಕ ಸುರಕ್ಷತೆಯ ಸಂಸ್ಥೆ ಪೆಸೊ, ಅದರ ಚಿಂತೆ ಬೆಂಕಿ. ಮೀಟರು ಸರಿಯಿದೆಯೇ ಎಂದು 5 ಲೀಟರಿನ ಪಾತ್ರೆ ಹಿಡಿದು ನೋಡುವುದು ಕಾನೂನು ಮಾಪನ ಇಲಾಖೆ, ಅದರ ಚಿಂತೆ ಗ್ರಾಹಕ. ಸ್ಟಾಕು ನೋಡುವುದು ತೈಲ ಕಂಪನಿ, ಅದರ ಚಿಂತೆ ಕಲಬೆರಕೆ. ನೀರನ್ನು ನೋಡುವುದು ಮಾಲಿನ್ಯ ನಿಯಂತ್ರಣ ಮಂಡಳಿ, ಅದರ ಕೈಗೆ ವಿಷಯ ಬರುವುದು ದೂರು ಬಂದ ಮೇಲೆ. ಸೋರಿಕೆಯ ಸುಳಿವಿರುವ ಕಾಗದ ಒಬ್ಬರ ಬಳಿ, ಅದನ್ನು ಹುಡುಕಬೇಕಾದ ಹೊಣೆ ಇನ್ನೊಬ್ಬರ ಮೇಲೆ. ನನ್ನ ಪ್ರಕಾರ ಇಡೀ ಸಮಸ್ಯೆಯ ಗಂಟು ಇಲ್ಲೇ ಇದೆ. 2020ರ ಜನವರಿಯಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹೊಸ ಬಂಕುಗಳಿಗೆ ಮಾರ್ಗಸೂಚಿ ತಂದಿತು. ಶಾಲೆ, ಆಸ್ಪತ್ರೆ, ವಸತಿ ಪ್ರದೇಶದಿಂದ 50 ಮೀಟರ್ ದೂರ ಎಂಬ ಅದರ ನಿಯಮ ಊರೂರಲ್ಲಿ ಚರ್ಚೆಯಾಯಿತು. ಆದರೆ ಅಂತರ್ಜಲ ಆ 50 ಮೀಟರಿಗೆ ನಿಲ್ಲುವ ಪೈಕಿ ಅಲ್ಲ. ಮೇಲಾಗಿ ಅದು ಹೊಸ ಬಂಕಿನ ಮಾತು, ಸೋರುವುದು ಸಾಮಾನ್ಯವಾಗಿ ಹಳೆಯ ಟ್ಯಾಂಕು, ಹಳೆಯ ಪೈಪು.

2025ರ ಜುಲೈಯಲ್ಲಿ ಕೇಂದ್ರ ಸರ್ಕಾರ ಕಲುಷಿತ ತಾಣಗಳ ನಿರ್ವಹಣಾ ನಿಯಮಗಳನ್ನು ಹೊರಡಿಸಿತು. ಸಮುದ್ರಕ್ಕೆ ಚೆಲ್ಲಿದ ತೈಲವನ್ನು ಅದು ಬಿಟ್ಟುಬಿಟ್ಟಿದೆ, ಅದಕ್ಕೆ ಬೇರೆ ಕಾನೂನಿದೆ. ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಶಂಕಿತ ತಾಣಗಳ ವರದಿ ಕೊಡಬೇಕು. ರಾಜ್ಯ ಮಂಡಳಿ 90 ದಿನಗಳಲ್ಲಿ ಪ್ರಾಥಮಿಕವಾಗಿ ನೋಡಿ, ಮುಂದಿನ ಮೂರು ತಿಂಗಳಲ್ಲಿ ವಿವರವಾದ ಸಮೀಕ್ಷೆ ಮುಗಿಸಬೇಕು. ಕೆಡಿಸಿದವರೇ ಖರ್ಚು ಭರಿಸಬೇಕು. ಅವರು ಸಿಗದಿದ್ದರೆ, ಕೈಲಾಗದಿದ್ದರೆ ಕೇಂದ್ರ-ರಾಜ್ಯ ಸರ್ಕಾರಗಳು. ಒಳ್ಳೆಯ ನಿಯಮವೇ. ಅದು ಬರುವ ಹೊತ್ತಿಗೆ ದೇಶದಲ್ಲಿ ಗುರುತಿಸಿದ್ದ 103 ಕಲುಷಿತ ತಾಣಗಳಲ್ಲಿ ಸ್ವಚ್ಛತೆಯ ಕೆಲಸ ಶುರುವಾಗಿದ್ದದ್ದು 7ರಲ್ಲಿ. ಹೊಸ ನಿಯಮದಲ್ಲಿ ಪತ್ತೆಗೆ ಗಡುವಿದೆ, ತಾಣ ಮತ್ತೆ ಸುರಕ್ಷಿತವಾಗಲಿಕ್ಕೆ ಗಡುವಿಲ್ಲ. ಇನ್ನು ಆ ಶಂಕಿತ ತಾಣಗಳ ಪಟ್ಟಿಯಲ್ಲಿ ಪೆಟ್ರೋಲಿನ ಪ್ರಕರಣ ಬರುವುದಾದರೂ ಹೇಗೆ? ಪಂಚಾಯಿತಿಯ ಕಿಟ್ಟು ಹಿಡಿಯುವುದಿಲ್ಲ. ಬಂಕಿನ ರಿಜಿಸ್ಟರನ್ನು ಜಿಲ್ಲಾಡಳಿತ ತಿರುವಿ ನೋಡುವುದಿಲ್ಲ. ಸುತ್ತಿ ಬಳಸಿ ಮತ್ತೆ ಮೂಗಿಗೇ ಬಂದೆವು.

ಅಮೆರಿಕದ ದಾರಿ ಬೇರೆ. 1984ರಲ್ಲಿ ನೆಲದಡಿಯ ಟ್ಯಾಂಕುಗಳನ್ನು ಕಾನೂನಿನ ಅಡಿ ತಂದು, 1988ರ ನಿಯಮಗಳಲ್ಲಿ ಸೋರಿಕೆ ಪತ್ತೆಯನ್ನು ಮಾಲೀಕರ ಹೊಣೆ ಮಾಡಿದರು. ಮಾರುವ ಪ್ರತಿ ಗ್ಯಾಲನ್ ಇಂಧನದ ಮೇಲೆ ಒಂದು ಸೆಂಟಿನ ಹತ್ತನೇ ಒಂದು ಪಾಲು ತೆರಿಗೆ ಹಾಕಿ ನಿಧಿ ಕಟ್ಟಿದರು. ಇಲ್ಲಿಯವರೆಗೆ ಅಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು ಸೋರಿಕೆಗಳು ದೃಢಪಟ್ಟಿವೆ. ಅಲ್ಲಿನ ಟ್ಯಾಂಕು ಕಳಪೆಯೆಂದು ಇಷ್ಟಾಯಿತು ಎಂದುಕೊಳ್ಳಬೇಡಿ. ಹುಡುಕಿದ್ದಕ್ಕೆ ಸಿಕ್ಕಿತು. ನಮ್ಮಲ್ಲಿ ಈಗ ಬಂಕುಗಳ ಸಂಖ್ಯೆ ಸುಮಾರು ಒಂದು ಲಕ್ಷ.

ಸ್ವಚ್ಛ ಮಾಡುವ ವಿಷಯಕ್ಕೆ ಬಂದರೆ, ಮೊದಲು ಸೋರಿಕೆ ನಿಲ್ಲಿಸಬೇಕು, ಆಮೇಲೆ ತೇಲುವ ಎಣ್ಣೆಯನ್ನು ಬಾವಿಯಿಂದ ಎತ್ತಬೇಕು. ನೀರಿನ ಮೇಲಿನ ಒಣ ಮಣ್ಣಿನಿಂದ ಆವಿಯನ್ನು ಪಂಪು ಹಚ್ಚಿ ಹೀರುತ್ತಾರೆ, ನೀರಿನಡಿಗೆ ಗಾಳಿ ಊದಿ ಕರಗಿದ್ದನ್ನು ಮೇಲೆಬ್ಬಿಸುತ್ತಾರೆ. ಇದೆಲ್ಲ ಮರಳು ಮಣ್ಣಿನಲ್ಲಿ ಚೆನ್ನಾಗಿ ನಡೆಯುತ್ತದೆ, ಜೇಡಿಯಲ್ಲಿ ಕಷ್ಟ, ಬಿರುಕು ಬಂಡೆಯಲ್ಲಿ ಬಹಳ ಕಷ್ಟ. ಮಣ್ಣು ಅಗೆದು ಲಾರಿಯಲ್ಲಿ ಸಾಗಿಸುವುದು ನೋಡುವವರಿಗೆ ಕೆಲಸವಾದಂತೆ ಕಾಣುತ್ತದೆ, ಎಷ್ಟೋ ಸಲ ಕೊಳೆ ಬರೀ ವಿಳಾಸ ಬದಲಿಸಿರುತ್ತದೆ.

ತೈಲ ತಿನ್ನುವ ಬ್ಯಾಕ್ಟೀರಿಯಾದ ಸುದ್ದಿ ಪತ್ರಿಕೆಗಳಿಗೆ ಬಲು ಇಷ್ಟ. ದೆಹಲಿಯ ಟೆರಿ ಸಂಸ್ಥೆ ರೂಪಿಸಿದ ಆಯಿಲ್‌ಝ್ಯಾಪರ್ ಎಂಬ ಬ್ಯಾಕ್ಟೀರಿಯಾ ಮಿಶ್ರಣ ತೈಲಬಾವಿಗಳ ಸುತ್ತಲಿನ ಕೆಸರಿನ ಮೇಲೆ, 2010ರ ಮುಂಬೈ ಹಡಗು ಅಪಘಾತದ ನಂತರದ ದಡದ ಮೇಲೆ ಬಳಕೆಯಾಗಿದೆ. ಕೆಲಸ ಮಾಡುತ್ತದೆ, ಸುಳ್ಳಲ್ಲ. ಆದರೆ ಹರವಿದ ಮಣ್ಣಿನ ಮೇಲೆ ಗಾಳಿ, ತೇವ, ಗೊಬ್ಬರ ಕೊಟ್ಟು ಸಾಕುವುದು ಬೇರೆ, ಹದಿನೈದು ಮೀಟರ್ ಕೆಳಗೆ ಗಾಳಿಯಿಲ್ಲದ ಕಡೆ ಅದೇ ಕೆಲಸ ಮಾಡಿಸುವುದು ಬೇರೆ. ಅಲ್ಲಿಗೆ ಬೇಕಾದ ಸೂಕ್ಷ್ಮಜೀವಿಗಳು ಸಾಮಾನ್ಯವಾಗಿ ಮೊದಲೇ ಇರುತ್ತವೆ. ಅವಕ್ಕೆ ಇಲ್ಲದಿರುವುದು ಉಸಿರು.

ಅವುಗಳನ್ನು ಅವುಗಳ ಪಾಡಿಗೆ ಬಿಟ್ಟರೆ? ಅಮೆರಿಕದ ಮಿನೆಸೋಟ ರಾಜ್ಯದ ಬೆಮಿಜಿ ಊರಿನ ಹತ್ತಿರ 1979ರ ಆಗಸ್ಟ್ 20ರಂದು ಕಚ್ಚಾ ತೈಲದ ಕೊಳವೆ ಒಡೆದು ಸುಮಾರು 17 ಲಕ್ಷ ಲೀಟರ್ ಚೆಲ್ಲಿತು. ಬಹುಪಾಲನ್ನು ಎತ್ತಿದರು, ಸುಟ್ಟರು. ಆದರೂ 4 ಲಕ್ಷ ಲೀಟರಿನಷ್ಟು ನೆಲದಲ್ಲೇ ಉಳಿಯಿತು. 1983ರಿಂದ ಅಲ್ಲಿನ ಭೂವಿಜ್ಞಾನ ಸರ್ವೇಕ್ಷಣೆ ಆ ಜಾಗವನ್ನೇ ಪ್ರಯೋಗಶಾಲೆ ಮಾಡಿಕೊಂಡು ಕೂತಿದೆ. ನಡುವೆ ಐದು ವರ್ಷ ಮತ್ತೆ ಪಂಪು ಹಾಕಿ ಎತ್ತಿದರೂ ಎಣ್ಣೆ ಖಾಲಿಯಾಗಲಿಲ್ಲ. ಗೊತ್ತಾದ ಒಳ್ಳೆಯ ಸಂಗತಿ: ನೀರು ಹರಿದ ವೇಗಕ್ಕೆ ಹೋಲಿಸಿದರೆ ಬೆಂಜೀನ್ ಬಹಳ ದೂರ ಹೋಗಲಿಲ್ಲ. ಆಮ್ಲಜನಕ ಮುಗಿದ ಮೇಲೆ ಸೂಕ್ಷ್ಮಜೀವಿಗಳು ಮಣ್ಣಿನ ಕಬ್ಬಿಣವನ್ನು ಬಳಸಿಕೊಂಡು ಅದನ್ನು ಅರಗಿಸುತ್ತಿದ್ದವು. ಕೆಟ್ಟ ಸಂಗತಿ: ಹಾಗೆ ಕಬ್ಬಿಣ ಕರಗಿದಾಗ ಅದಕ್ಕಂಟಿದ್ದ ಆರ್ಸೆನಿಕ್ ನೀರಿಗಿಳಿಯಿತು. ಕಬ್ಬಿಣವೇ ತುಂಬಿರುವ ನಮ್ಮ ಮುರಕಲ್ಲಿನಲ್ಲಿ ಈ ರಸಾಯನ ಹೇಗೆ ನಡೆದೀತು ಎಂಬುದನ್ನು ಯಾರಾದರೂ ಪಿಎಚ್‌ಡಿಗೆ ಎತ್ತಿಕೊಳ್ಳಬಹುದು. 'ಪ್ರಕೃತಿಯೇ ಸರಿಮಾಡುತ್ತದೆ' ಎನ್ನುವ ಮಾತು ಬೆಮಿಜಿಯಲ್ಲಿ ಅರ್ಧ ನಿಜ. ಆ ಅರ್ಧವನ್ನು ಹೇಳಲಿಕ್ಕೂ ನಲವತ್ತು ವರ್ಷ ಬಾವಿ ಅಳೆಯಬೇಕಾಯಿತು. ನಮ್ಮಲ್ಲಿ ಅಳೆಯದೆ ಬಿಡುವುದಕ್ಕೂ ಅದೇ ಹೆಸರು ಇಡುವ ಅಪಾಯವಿದೆ.

ಈಗ ಇದಕ್ಕೆ ಹೊಸದೊಂದು ಸೇರಿಕೊಂಡಿದೆ: ಇ-20, ಅಂದರೆ ಶೇ. 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲು. ನಮ್ಮ ಮಂಡ್ಯ, ಬೆಳಗಾವಿಯ ಕಬ್ಬಿನ ಎಥೆನಾಲ್ ಸೇರಿದ ಪೆಟ್ರೋಲಿನ ಮೈಲೇಜು ಎಷ್ಟು ಕಡಿಮೆ, ಹಳೆ ಬೈಕಿನ ರಬ್ಬರು ಉಳಿಯುತ್ತದೆಯೇ ಎಂದು ಚರ್ಚೆಯೋ ಚರ್ಚೆ. ಅದು ನೆಲಕ್ಕಿಳಿದರೆ ಏನು ಎಂಬ ಮಾತು ಅಪರೂಪ. ಎಥೆನಾಲ್ ನೀರಿನಲ್ಲಿ ಪೂರ್ತಿ ಬೆರೆಯುತ್ತದೆ. ಸೂಕ್ಷ್ಮಜೀವಿಗಳಿಗೆ ಅದು ಹೋಳಿಗೆ ಇದ್ದ ಹಾಗೆ, ಬೆಂಜೀನ್ ಹಾಗಲಕಾಯಿ. ಎರಡೂ ಎಲೆಯ ಮೇಲಿದ್ದರೆ ಮೊದಲು ಹೋಳಿಗೆಗೇ ಕೈ ಹಾಕುತ್ತವೆ, ಇದ್ದಬದ್ದ ಆಮ್ಲಜನಕವೆಲ್ಲ ಅದಕ್ಕೇ ಖರ್ಚು. ಹೀಗಾಗಿ ಬೆಂಜೀನಿನ ಬಾಲ ಮೊದಲಿಗಿಂತ ಉದ್ದಕ್ಕೆ ಚಾಚಬಹುದು, ಜೊತೆಗೆ ಮೀಥೇನ್ ಹುಟ್ಟಬಹುದು. ಅದರ ಮೇಲೆ, ಟ್ಯಾಂಕಿನ ತಳಕ್ಕೆ ನೀರು ಸೇರಿದರೆ ಎಥೆನಾಲ್ ಆ ನೀರಿನ ಜೊತೆ ಸೇರಿ ಪ್ರತ್ಯೇಕ ಪದರವಾಗುತ್ತದೆ, ತಳದ ಉಕ್ಕಿಗೆ ಅದು ಒಳ್ಳೆಯ ಸ್ನೇಹಿತನಲ್ಲ. 50 ಮೀಟರಿನ ಲೆಕ್ಕವನ್ನು ಮತ್ತೊಮ್ಮೆ ಹಾಕಲು ಇದೂ ಒಂದು ಕಾರಣ.

ನಮ್ಮವರಿಗೆ ನಿಗಾ ಇಡಲು ಬರುವುದಿಲ್ಲ ಎಂದು ಮಾತ್ರ ಹೇಳಬೇಡಿ. ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್, ಮಂಗಳೂರಿನಲ್ಲಿ 15 ಲಕ್ಷ ಟನ್ ಕಚ್ಚಾ ತೈಲ ಹಿಡಿಯುವ ಗುಹೆಗಳನ್ನು ಬಂಡೆಯೊಳಗೆ ಕೊರೆದಿದ್ದಾರೆ. ಅಲ್ಲಿ ತೈಲವನ್ನು ಹಿಡಿದಿಡುವುದೇ ಅಂತರ್ಜಲ. ಸುತ್ತಲಿನ ಬಂಡೆಯಲ್ಲಿ ನೀರಿನ ಒತ್ತಡ ಹೆಚ್ಚಿರುವುದರಿಂದ ನೀರು ಗುಹೆಯೊಳಕ್ಕೆ ಜಿನುಗುತ್ತದೆ, ತೈಲ ಹೊರಕ್ಕೆ ಬರುವುದಿಲ್ಲ. ಗುಹೆಗಳ ಮೇಲೆ ನೀರಿನ ಪರದೆಯನ್ನೇ ಕಟ್ಟಿ, ಮಟ್ಟ ಇಳಿಯದಂತೆ ಅಳೆಯುತ್ತಾ ಇರುತ್ತಾರೆ. ತೈಲ ಕಳೆದುಕೊಳ್ಳಬಾರದು ಎಂದಾಗ ಅಂತರ್ಜಲವನ್ನು ಬಿಡದೆ ಅಳೆಯಲು ನಮಗೆ ಬರುತ್ತದೆ.

ಬಂಕಿನ ಹತ್ತಿರ ಬಾವಿ ಇರುವವರು ಕೇಳುವ ಪ್ರಶ್ನೆ ಒಂದೇ: ಅನುಮಾನ ಬಂದರೆ ಏನು ಮಾಡುವುದು? ಕುದಿಸಬೇಡಿ. ಕುದಿಸಿದರೆ ಬೆಂಜೀನ್ ಅಡಿಗೆಮನೆಯ ಗಾಳಿಗೆ ಬರುತ್ತದೆ. ಬಿಸಿನೀರಿನ ಸ್ನಾನಕ್ಕೂ ಆ ನೀರು ಬೇಡ. ಬಾವಿಯ ಬಾಯಲ್ಲಿ ಬೀಡಿ, ಬೆಂಕಿಕಡ್ಡಿ ಬೇಡ, ವಾಸನೆ ಜೋರಿದ್ದರೆ ಪಂಪಿನ ಸ್ವಿಚ್ಚನ್ನೂ ಮುಟ್ಟದೆ ಅಗ್ನಿಶಾಮಕ ಠಾಣೆಗೆ ಹೇಳಿ. ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಬರವಣಿಗೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ, ದೂರಿನ ಒಂದು ಪ್ರತಿ ಪಂಚಾಯಿತಿಗೂ ಇರಲಿ. ದೂರಿನಲ್ಲಿ ಬಂಕಿನ ಕಳೆದ ಎರಡು ವರ್ಷದ ಸ್ಟಾಕ್ ವ್ಯತ್ಯಾಸದ ದಾಖಲೆಯನ್ನು ತರಿಸಿ ನೋಡಬೇಕೆಂದು ಕೇಳಿ. ಲ್ಯಾಬಿನವರಿಗೆ 'ವಾಟರ್ ಟೆಸ್ಟ್' ಎಂದಷ್ಟೇ ಹೇಳಿದರೆ ಗಡಸುತನ, ಕ್ಲೋರೈಡ್ ನೋಡಿ ಕಳಿಸುತ್ತಾರೆ. 'ಬಿಟೆಕ್ಸ್' (ಬೆಂಜೀನ್, ಟೊಲುಯೀನ್, ಈಥೈಲ್‌ಬೆಂಜೀನ್, ಕ್ಸೈಲೀನ್) ಎಂದು ಹೆಸರು ಹಿಡಿದು ಕೇಳಿ, ಸೀಸೆ ಅವರಿಂದಲೇ ಪಡೆಯಿರಿ, ಐಸ್ ಡಬ್ಬಿಯಲ್ಲಿಟ್ಟು ಅದೇ ದಿನ ಮುಟ್ಟಿಸಿ. ಮಳೆಗಾಲದಲ್ಲಿ ತೆಗೆಸಿದ ಮಾದರಿ ಚೆನ್ನಾಗಿ ಬಂದಿದ್ದರೆ, ಏಪ್ರಿಲ್ ಕೊನೆಗೆ, ನೀರು ತಳ ಕಂಡಾಗ, ಇನ್ನೊಮ್ಮೆ ತೆಗೆಸಿ.